ಶರ್ವಿನ್ ತುಂಬಿದ ಫಾರ್ಮ್‌ಗಳು

"ನಿಮ್ಮ ಮೇಲ್ ಮಾತ್ರ ಪ್ರತಿ ತಿಂಗಳೂ ಹೇಗೆ ನಿಧಾನ ಆಗ್ತದೆ ಶರ್ವಿನ್?"

"ಅದಕ್ಕೂ ನಿಮ್ಮನ್ನು ನೋಡ್ಬೇಕು ಅಂತ ಆಗ್ತದೆ ಕಾಣ್ತದೆ."

ಒಂದು ವರ್ಷದಿಂದ ಇದೇ ತಮಾಷೆ. ಇಂದು ಮಾತ್ರ ಯಶ್ಮಿತಾಗೆ ನಗು ಬರಲಿಲ್ಲ. ಮೇಜಿನ ಮೇಲೆ ಬರ್ ದುಬೈಯಲ್ಲಿ ಕೊಂಡ ಸೀರೆಯ ಚೀಲವಿತ್ತು. ಮುಂದಿನ ವಾರ ಉಡುಪಿಯಲ್ಲಿ, ಅಕ್ಷಿತಾ ಎಂಬ ಹುಡುಗಿಯೊಡನೆ ಅವನ ಮದುವೆ. ಕೆಲಸ ಬಿಟ್ಟು ವೀಸಾ ಕ್ಯಾನ್ಸಲ್ ಮಾಡಿಸಿದ್ದ, ಸಂಜೆಗೆ ವಿಮಾನ.

ದೇರಾದ ಆ ಶಿಪ್ಪಿಂಗ್ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಯಶ್ಮಿತಾ. ಅವಳು ಬಂದಾಗಲೆಲ್ಲ ಶರ್ವಿನ್ ಸುಲೈಮಾನಿ ಚಾ ತರಿಸಿ, ಆರದಂತೆ ಸಾಸರ್ ಮುಚ್ಚಿಡುತ್ತಿದ್ದ. ಇಂದೂ ಮುಚ್ಚಿಟ್ಟಿದ್ದ. ಆ ಸಾಸರನ್ನೇ ನಂಬಿ, ಅವನು ಒಂದು ಮಾತು ಕೇಳಿಯಾನೆಂದು ಅವಳು ಕಾದಿದ್ದಳು. ಅವನು ಕೇಳಲಿಲ್ಲ.

ತಿಂಗಳಿಗೊಮ್ಮೆ ಅವಳು ಎಲ್ಲರಿಗೂ ಮೇಲ್‌ನಲ್ಲಿ ಒಂದು ಫಾರ್ಮ್ ಕಳಿಸುವಳು: ಕಂಪ್ಯೂಟರಿನಲ್ಲಿ ಏನು ಸಮಸ್ಯೆ? ತುಂಬಿ ಕಳಿಸದವನು ಅವನೊಬ್ಬನೇ. ಮ್ಯಾನೇಜರ್ ಬೈಯದಿರಲೆಂದು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಅವಳೇ 'ಸಮಸ್ಯೆ ಇಲ್ಲ' ಎಂದು ಬರೆದುಬಿಡುತ್ತಿದ್ದಳು.

ಕೊನೆಯ ಬಾರಿ ಅವನ ಕಂಪ್ಯೂಟರಿನ ಕಸ ತೆಗೆಯಲು ಕೂತಳು. ಪ್ರತಿ ಸಲ ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಇಂದು ಅವನ ಜಾಗಕ್ಕೆ ಬರುವ ಹೊಸಬನಿಗಾಗಿ ಒಳಗಿನ ಫೋಲ್ಡರನ್ನೂ ತೆರೆದಳು. ಮೇಲ್‌ನಿಂದ ತೆರೆದ ಫೈಲುಗಳ ನಕಲು ಸದ್ದಿಲ್ಲದೆ ಬಂದು ಕೂರುವ, ಆ ಗುಂಡಿ ತಲುಪದ ಮೂಲೆ ಅದು. ಅಲ್ಲಿ ಅವಳ ಫಾರ್ಮ್‌ಗಳಿದ್ದವು. ಎಂಟು. ಎಂಟೂ ತುಂಬಿದ್ದವು.

'ನೀವು ಬಂದು ಹೋದ ಮೇಲೆ ಎರಡು ದಿನ ಎಲ್ಲ ಸರಿ ಇರುತ್ತದೆ.'

'ಸಮಸ್ಯೆ ಕಂಪ್ಯೂಟರಿನದಲ್ಲ.'

ಕೊನೆಯದು, ನಾಲ್ಕು ತಿಂಗಳ ಹಿಂದಿನದು: 'ಭಾನುವಾರ ನಾಲ್ಕಕ್ಕೆ ಅಬ್ರಾ ದೋಣಿಕಟ್ಟೆಯಲ್ಲಿರುತ್ತೇನೆ. ಬರದಿದ್ದರೆ ಮತ್ತೆ ಕೇಳುವುದಿಲ್ಲ.'

ಸೇವ್ ಒತ್ತಿದ್ದ. ಹಿಂದಿನ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಫೋಲ್ಡರ್, ಸೇವ್ ಮಾಡಿದರೆ ಸಾಕಿತ್ತು ಎಂದು ಅವನೇ ಒಮ್ಮೆ ಹೇಳಿದ್ದ. ಇಲ್ಲಿ ಕಳಿಸಬೇಕಿತ್ತು. ಕಳಿಸಿರಲಿಲ್ಲ.

"ಒಂದು ಕೇಳ್ಲಾ? ಬೇಜಾರು ಮಾಡ್ಬೇಡಿ." ಡ್ರಾಯರ್ ಖಾಲಿ ಮಾಡುತ್ತಿದ್ದವನು ತಲೆ ಎತ್ತಲಿಲ್ಲ. "ಫಾರ್ಮ್‌ನಲ್ಲಿ ಬರೆದದ್ದು ಓದಿದ್ರಾ? ಏಳು ಗಂಟೆವರೆಗೆ ನಿಂತಿದ್ದೆ ಮಾರಾಯ್ರೆ. ಬ್ರೆಡ್ ಹಾಕಿ ಹಾಕಿ ಅಲ್ಲಿನ ಕಡಲಹಕ್ಕಿಗಳಿಗೆಲ್ಲ ನನ್ನ ಪರಿಚಯ ಆಯ್ತು."

ನಿಜ ನಾಲಿಗೆಯ ತುದಿಗೆ ಬಂತು. ಚೀಲದಿಂದ ಸೀರೆಯ ಅಂಚು ಇಣುಕುತ್ತಿತ್ತು. ಆ ಹುಡುಗಿ ಯಾರಿಗೇನು ಮಾಡಿದ್ದಳು?

"ಓದಿದ್ದೆ," ಎಂದಳು. "ಬೇಡ ಅಂತ ಬರೀಲಿಕ್ಕೆ ಕೈ ಬರ್ಲಿಲ್ಲ."

ಅವನು ಮೆಲ್ಲನೆ ಉಸಿರು ಬಿಟ್ಟ. "ಓದಿದ್ರಲ್ಲ, ಸಾಕು. ನಿಮಗೆ ಮುಟ್ಟಲೇ ಇಲ್ಲವೋ ಅಂತ ಒಂದು ಸಂಶಯ ಇತ್ತು."

"ಮುಟ್ಟಿತ್ತು."

"ಖಲಾಸ್. ಇನ್ನು ನಿಶ್ಚಿಂತೆ." ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ತಿರುಗಿ ನೋಡಿದ. "ಚಾ ಆರ್ತದೆ, ಕುಡೀರಿ."

ಲಿಫ್ಟ್ ಕೆಳಗಿಳಿಯುವ ಸದ್ದು ನಿಲ್ಲುವವರೆಗೂ ಕಾದು, ಅವಳು ಎಂಟನ್ನೂ ಅಳಿಸಿದಳು. ಸಾಸರ್ ಎತ್ತಿ ಚಾ ಕುಡಿದಳು, ಇನ್ನೂ ಬಿಸಿಯಿತ್ತು. ಆಮೇಲೆ ಈ ತಿಂಗಳ ಪಟ್ಟಿ ತೆರೆದು, ಅವನ ಹೆಸರಿನ ಮುಂದೆ ಎಂದಿನಂತೆ ಬರೆದಳು: ಸಮಸ್ಯೆ ಇಲ್ಲ.