ಕಪ್ಪು ಕಿಟಕಿಯಿಂದ ಎರಡು ಗುಂಡು

ಕೋವಿಯ ನಳಿಗೆ ಗಾನವಿಯ ಕುತ್ತಿಗೆಗೆ ಒತ್ತಿತ್ತು!

ಅವಳಿದ್ದದ್ದು ಕೊಡಗಿನ ಬಾಳೆಲೆ ಊರಿನಲ್ಲಿ, ತನ್ನ ಎಸ್ಟೇಟ್ ಆಫೀಸಿನಲ್ಲಿ. ನಾನಿದ್ದದ್ದು ದೂರದ ಭಾಗಮಂಡಲದ ಹೋಟೆಲಿನಲ್ಲಿ. ಮುಂದೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿದ ಕಾಫಿ. ಅವಳ ಆಫೀಸಿಗೂ ಅಂಗಳಕ್ಕೂ ನಾನೇ ಹಾಕಿಕೊಟ್ಟ ಕ್ಯಾಮೆರಾಗಳಲ್ಲಿ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

ಕಂಡು ಏನು ಬಂತು?

"ಏಯ್ ಜಯಪ್ಪ! ಕೇಳ್ತಿದ್ಯಾ?"

ಫೋನಿನಲ್ಲಿ ಮಿಲನ್, ಅಲ್ಲಿ ಮೇಜಿನ ಮೇಲೆ ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದ. ಮರದ ವ್ಯಾಪಾರಿ. ಗಾನವಿಯ ತೋಟದ ಬೀಟೆ ಮರ ಕದ್ದು ಲಾರಿಗೆ ತುಂಬುವಾಗ ನಾನು ಹಾಕಿದ ಕ್ಯಾಮೆರಾಕ್ಕೆ ಸಿಕ್ಕಿಬಿದ್ದವನು.

"ಕೇಳ್ತಿದೆ."

"ಇದೆಂಥ ಕಂಪ್ಯೂಟರ್ ಮಾರಾಯ? ತಲೆಬುಡ ಗೊತ್ತಾಗಲ್ಲ!"

"ಲಿನಕ್ಸ್."

"ಎಂಥ ಬೇಕಾದ್ರೂ ಆಗ್ಲಿ! ಒಡೆದು ಹಾಕುವ ಅಂದ್ರೆ ಆ ವೀಡಿಯೊದ್ದು ನಿನ್ನ ಹತ್ರ ಇನ್ನೊಂದು ಕಾಪಿ ಉಂಟಂತೆ. ಎರಡನ್ನೂ ನನ್ನ ಕಣ್ಣೆದುರೇ ಅಳಿಸು. ಫೋನ್ ಕಟ್ ಮಾಡಿದ್ಯೋ... ಇವಳ ಕತೆ ಮುಗೀತು!"

"ಮಿಲನಣ್ಣ... ಬೇಡ..." ಗಾನವಿಯ ದನಿ ನಡುಗಿತು.

ನನಗೆ ಭಯವಾಯಿತು ಸ್ವಾಮಿ, ಸುಳ್ಳು ಯಾಕೆ ಹೇಳಲಿ? ವೀಡಿಯೊ ಹೋದರೆ ಅವನ ಕೈಯಳತೆಯಲ್ಲಿ ಉಳಿಯುವ ಸಾಕ್ಷಿ ಅವಳೊಬ್ಬಳೇ. ಆಮೇಲೆ ಅವಳನ್ನು ಬಿಟ್ಟುಬಿಡುತ್ತಾನೆ ಎಂದು ನಂಬಲು ನಾನೇನು ಕಿವಿಗೆ ಹೂ ಇಟ್ಟುಕೊಂಡಿರಲಿಲ್ಲ.

ಅವಳ ಕಂಪ್ಯೂಟರನ್ನು ನಾನು ಇಲ್ಲಿಂದಲೇ ನಡೆಸಬಲ್ಲೆ. ಮೌಸ್ ಎಳೆದೆ. ಅಲ್ಲಿ ಅವನ ಕಣ್ಣೆದುರು ಸ್ಕ್ರೀನಿನ ಬಾಣ ತಾನಾಗಿ ಹರಿಯಿತು.

"ಅಬ್ಬ! ದೆವ್ವ ಹೊಕ್ಕ ಹಾಗೆ ಉಂಟಲ್ಲ! ಬೇಗ ಮಾಡು!"

"ಇಲ್ಲಿ ಮಳೆ. ನೆಟ್ ನಿಧಾನ."

ಹಸಿ ಸುಳ್ಳು. ನೆಟ್ ಚೆನ್ನಾಗಿಯೇ ಇತ್ತು.

ಅವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಆ ಕಂಪ್ಯೂಟರಿಗೂ ನನಗೂ ನಡುವೆ ಒಂದು ಸುರಂಗ. ಬೇರೆ ಯಾರೂ ಇಣುಕದಂತೆ ಬೀಗ ಹಾಕಿದ ದಾರಿ. ಎಸ್‌ಎಸ್‌ಎಚ್ ಎನ್ನುತ್ತಾರೆ. ಅವನು ನೋಡುತ್ತಿದ್ದ ಸ್ಕ್ರೀನ್ ನನಗೆ ಬರುತ್ತಿದ್ದದ್ದು ಅದರೊಳಗಿಂದಲೇ. ಅದರೊಳಗೆ ಆಜ್ಞೆ ಬರೆಯುವ ಇನ್ನೊಂದು ಕಪ್ಪು ಕಿಟಕಿಯೂ ತೆರೆದಿತ್ತು... ಅದು ನನಗೆ ಮಾತ್ರ! ಅಲ್ಲಿ ನಾನು ಏನು ಬರೆದರೂ ಅವನ ಸ್ಕ್ರೀನಿನಲ್ಲಿ ಮೂಡುವುದಿಲ್ಲ.

ಆ ಕಂಪ್ಯೂಟರಿಗೆ ಗದ್ದೆ ಬದಿಯ ಕಂಬದ ಲೌಡ್‌ಸ್ಪೀಕರ್ ಸೇರಿಸಿದ್ದೆ. ಆನೆ ಓಡಿಸಲು. ಹುಲಿ ಘರ್ಜನೆ, ಜೇನಿನ ಗುಂಯ್... ಕೋವಿಯ ಸದ್ದೂ ಇತ್ತು. ಅದನ್ನು ಮಾತ್ರ ಎಂದೂ ಹಾಕಿರಲಿಲ್ಲ. ನಮ್ಮ ಊರಲ್ಲಿ ಅದನ್ನು ಆಟಕ್ಕೆ ಹಾಕಬಾರದು.

ಇವತ್ತು ಆಟವಲ್ಲ.

ಅವನ ಸ್ಕ್ರೀನಿನಲ್ಲಿ ಒಂದೊಂದೇ ಫೋಲ್ಡರ್ ತೆರೆದೆ. ನಡುವೆ ಕಪ್ಪು ಕಿಟಕಿಗೆ ಹಾರಿ ಎರಡೆರಡು ಅಕ್ಷರ ಒತ್ತಿದೆ. ಬೆವರು ಕಣ್ಣಿಗೆ ಇಳಿಯಿತು.

"ಎರಡೂ ಸಿಕ್ಕಿದವು. ಅಳಿಸಲಾ?"

"ಕೇಳ್ತೀಯಲ್ಲ! ಅಳಿಸು!"

ಎಂಟರ್ ಒತ್ತಿದೆ... ಕಪ್ಪು ಕಿಟಕಿಯಲ್ಲಿ!

ಢಂ!

ಢಂ!

ಬಾಳೆಲೆಯ ಗದ್ದೆಯ ಮೇಲಿಂದ ಬಂದ ಸದ್ದು ಫೋನಿನಲ್ಲಿ ನನಗೂ ಕೇಳಿತು.

ಕೊಡವರ ಮನೆಯಲ್ಲಿ ಒಂದು ಗುಂಡು ಹಾರಿದರೆ ಗಂಡುಮಗು ಹುಟ್ಟಿತು ಎಂದರ್ಥ. ಬೆನ್ನುಬೆನ್ನಿಗೆ ಎರಡು ಹಾರಿದರೆ ಸಾವು! ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಓಡಬೇಕು.

ಮಿಲನ್ ಕಳ್ಳನಿರಬಹುದು. ಆದರೆ ಬೆಳೆದದ್ದು ಅದೇ ಊರಲ್ಲಿ.

"ಅಯ್ಯೋ... ಯಾರೋ ಹೋದ್ರು," ಎಂದ.

ಟೋಪಿ ತೆಗೆದ. ಕೋವಿ ತಾನಾಗಿ ಕೆಳಗಿಳಿಯಿತು. ತಲೆ ಬಾಗಿತು!

"ಗಾನವೀ! ಓಡು!" ಹೋಟೆಲಿಡೀ ತಿರುಗಿ ನೋಡುವಂತೆ ಕಿರುಚಿದೆ.

ಅವಳು ಕುರ್ಚಿಯನ್ನು ಅವನ ಕಾಲಿಗೆ ದೂಡಿ ಹೊರಗೆ ಹಾರಿದಳು. ದಡಕ್ಕನೆ ಬಾಗಿಲು! ಹೊರಗಿನಿಂದ ಚಿಲಕ!

"ಜಯಪ್ಪಾ! ನಿನ್ನ ಹುಟ್ಟಡಗಿಸ್ತೇನೆ!"

ಬಾಗಿಲಿಗೆ ಒದ್ದ. ಮತ್ತೆ ಒದ್ದ. ಮರ ಬಿರಿಯಿತು... ಅಷ್ಟರಲ್ಲಿ ಅಂಗಳಕ್ಕೆ ಮೊದಲ ಜೀಪು ನುಗ್ಗಿತು. ಹಿಂದೆ ಇನ್ನೊಂದು. ಗದ್ದೆ ದಾಟಿ ನಡೆದು ಬಂದವರೆಷ್ಟೋ! ಕೆಲವರ ಹೆಗಲಲ್ಲಿ ಕೋವಿಯೂ ಇತ್ತು.

ಎಲ್ಲರಿಗಿಂತ ಮುಂದೆ ಪಕ್ಕದ ತೋಟದ ಹಿರಿಯರು, ಕುಟ್ಟಪ್ಪ.

"ಯಾರು ಹೋದದ್ದು ಮಗಳೇ?"

"ಯಾರೂ ಇಲ್ಲ ಮಾವ... ನಾನು ಹೋಗೋದ್ರಲ್ಲಿದ್ದೆ!" ಅಳುತ್ತಾ ಬಾಗಿಲು ತೋರಿಸಿದಳು. "ಒಳಗಿದ್ದಾನೆ. ಕುತ್ತಿಗೆಗೆ ಕೋವಿ ಇಟ್ಟಿದ್ದ!"

ಹೆಗಲಲ್ಲಿದ್ದ ಕೋವಿಗಳು ಕೈಗೆ ಬಂದವು. ಮಿಲನ್ ಕಿಟಕಿಯಿಂದ ಇಣುಕಿದ. ಅವನ ಕೋವಿ ನೆಲಕ್ಕೆ ಬಿತ್ತು. ಸ್ಕ್ರೀನಿನಲ್ಲಿ ಅವನ ವೀಡಿಯೊ ಹಾಗೆಯೇ ಇತ್ತು.

ನನಗೂ ಕಣ್ಣು ತುಂಬಿತು. ಫೋನ್ ಕಟ್ ಮಾಡಿ ಪೊಲೀಸರಿಗೆ ಹಚ್ಚಿದೆ.

"ಬಾಳೆಲೆಗೆ ಬೇಗ ಬನ್ನಿ ಸಾರ್! ಒಂದು ಜೀವ ಅಪಾಯದಲ್ಲಿದೆ!"

"ಯಾರದ್ರೀ?"

"ಕಳ್ಳನದ್ದು!"