ಮೂರೂ ಬಾದಾಮಿ

"ಒಂದ್ನಿಮಿಷ! ಕೈ ಅಲ್ಲೇ ಇರ್ಲಿ!"

ಟ್ರೇ ಮೇಲೆ ಹೊದಿಸಿದ್ದ ಬಟ್ಟೆಯಡಿ ತೂರಿಸಿದ್ದ ಕೈಯನ್ನು ಮಾನಸಾ ಹಾಗೇ ನಿಲ್ಲಿಸಿದಳು. ಕೌಂಟರಿನ ಆಚೆ ಸ್ವೆಟರ್ ತೊಟ್ಟ ಯುವಕನೊಬ್ಬ, ಟೀ ಸ್ಯಾಂಪಲ್ಲಿನ ಚೀಲ ಹಿಡಿದು ಅವಳ ಕೈಯನ್ನೇ ದಿಟ್ಟಿಸುತ್ತಿದ್ದ.

"ನಿಜವಾಗ್ಲೂ ನೋಡದೇ ತೆಗೀತೀರಾ?"

"ಬೋರ್ಡ್ ಓದಿಲ್ವಾ ನೀವು?"

ಬೋರ್ಡಿನಲ್ಲಿ ಇದ್ದದ್ದು ಇಷ್ಟೇ: 'ಕೈಗೆ ಸಿಕ್ಕಿದ್ದು ಮೂರು'. ಊಟಿಯ ಆ ಪುಟ್ಟ ಚಾಕೊಲೇಟ್ ಅಂಗಡಿ ಅವಳ ಚಿಕ್ಕಮ್ಮ ಲಿಂಗಮ್ಮನದು. ಬಾದಾಮಿ, ಗೋಡಂಬಿ, ಒಣದ್ರಾಕ್ಷಿ, ಅಂಜೂರ... ನಾಲ್ಕು ಬಗೆಯನ್ನೂ ಒಂದೇ ಅಚ್ಚಿನಲ್ಲಿ ಎರೆದು, ಒಂದೇ ಬಣ್ಣದ ಕಾಗದ ಸುತ್ತಿ, ದೊಡ್ಡ ಟ್ರೇಯಲ್ಲಿ ಸಮಸಮ ಬೆರೆಸಿ, ಮೇಲೆ ಬಟ್ಟೆ ಹೊದಿಸುವುದು ಚಿಕ್ಕಮ್ಮನ ಪದ್ಧತಿ. ಅದರೊಳಗಿಂದ ಒಂದಾದ ಮೇಲೊಂದು ಮೂರು ತೆಗೆದು ಡಬ್ಬಿಗೆ ಹಾಕಬೇಕು. ಏನು ಬಂತೆಂದು ಬಾಯಿಗೆ ಹಾಕಿದ ಮೇಲೇ ಗೊತ್ತಾಗುವುದು.

ಅವನು ಅಲ್ಲೇ ನಿಂತು ಮೂರನ್ನೂ ತಿಂದ.

"ಮೂರೂ ಬಾದಾಮಿ!" ಎಂದು ಅವಳನ್ನು ನೋಡಿ ನಕ್ಕ.

ಅಬ್ಬಾ, ಆ ನಗು! ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದ್ದ ಹುಡುಗಿ ಅವತ್ತು ಚಿಲ್ಲರೆ ಕೊಡುವುದನ್ನೇ ಮರೆತಳು.

ಅವನ ಹೆಸರು ಯೋಗೇಶ್. ಹತ್ತಿರದ ಸೋಲೂರಿನ ಟೀ ಫ್ಯಾಕ್ಟರಿಯಲ್ಲಿ ಬೇರೆ ಬೇರೆ ದರ್ಜೆಯ ಟೀ ಬೆರೆಸಿ ಬ್ಲೆಂಡ್ ಮಾಡುವವನು, ಶನಿವಾರ ಶನಿವಾರ ಸ್ಯಾಂಪಲ್ ಕೊಡಲು ಊಟಿಗೆ ಬರುತ್ತಾನೆ. ಇಷ್ಟನ್ನೂ ಮಾನಸಾ ಅವನ ಬಾಯಿಂದಲೇ ಹೊರಡಿಸಿದ್ದಳು.

ಮುಂದಿನ ಶನಿವಾರ ಬೆಳಿಗ್ಗೆ, ಚಿಕ್ಕಮ್ಮ ಒಳಗೆ ಹೋದ ಸಮಯ ನೋಡಿ, ಅವಳು ಬೆರೆಸುವ ಮೊದಲೇ ತೆಗೆದಿರಿಸಿದ್ದ ಮೂರು ಬಾದಾಮಿಗಳನ್ನು ಬಟ್ಟೆಯಡಿ ಬಲ ಮೂಲೆಯಲ್ಲಿ ಸೇರಿಸಿಟ್ಟಳು. ಯಾಕೆ ಅಂತ ತನ್ನನ್ನು ತಾನೇ ಕೇಳಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಮೂರನೆಯ ಶನಿವಾರವೂ ಅದೇ ಮೂಲೆ, ಅದೇ ಬಾದಾಮಿ.

ಆದರೆ ಆ ಮೂರನೆಯ ಶನಿವಾರ ಮೂರನ್ನೂ ತಿಂದ ಮೇಲೆ ಅವನು ನಗಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಕೌಂಟರ್ ಮೇಲೆ ಹರಡಿದ.

"ಮೂರು ವಾರದಿಂದ ಮೂರೂ ಬಾದಾಮಿ! ಇದ್ರಲ್ಲಿ ಏನೋ ಕೈಚಳಕ ಇದೆ ರೀ."

ಮಾನಸಾ ಬಟ್ಟೆ ಎಳೆದು ಟ್ರೇಯ ಬಲ ಮೂಲೆ ಮುಚ್ಚಿದಳು.

"ಅಂದ್ರೆ... ಮೋಸ ಅಂತೀರಾ?"

"ಸೋಮವಾರದಿಂದ ನನ್ನನ್ನ ಗೂಡಲೂರಿಗೆ ಹಾಕಿದ್ದಾರೆ. ಇನ್ಮೇಲೆ ಶನಿವಾರ ಇಲ್ಲಿ ನನಗೆ ಕೆಲಸ ಇಲ್ಲ. ಹೋಗೋ ಮುಂಚೆ ಇದೊಂದು ತಿಳೀಬೇಕು."

ಹೋಗ್ತಾನಾ? ಅದೂ ನನಗೆ ಮೋಸಗಾತಿ ಅಂತ ಹೆಸರಿಟ್ಟು! ಅವಳ ಕಣ್ಣು ತುಂಬಿ ಬಂತು. ಅಳು ನುಂಗಲು ಚೀಟಿಯತ್ತ ಬಾಗಿದಳು.

"ಏನು ಲೆಕ್ಕ ಇದು?"

"ನಾಲ್ಕು ಬಗೆ, ಮೂರು ಆರಿಸ್ಬೇಕು, ಒಂದೇ ಬಗೆ ಮತ್ತೆ ಬಂದ್ರೂ ಸರಿ. ಮೂರೂ ಒಂದೇ ಆದ್ರೆ ನಾಲ್ಕು ಡಬ್ಬಿ. ಎರಡು ಒಂದೇ, ಇನ್ನೊಂದು ಬೇರೆ ಆದ್ರೆ ಹನ್ನೆರಡು. ಮೂರೂ ಬೇರೆ ಆದ್ರೆ ನಾಲ್ಕು. ಒಟ್ಟು ಇಪ್ಪತ್ತು. ಅದ್ರಲ್ಲಿ ಬಾದಾಮಿದು ಒಂದೇ! ಮೂರು ವಾರ ಬಿಡದೇ ಬರೋದು ಎಂಟು ಸಾವಿರಕ್ಕೆ ಒಂದ್ಸಲ."

"ತಪ್ಪು!"

ಬಾಯಿಂದ ಹಾರಿಬಿಟ್ಟಿತು. ಲೆಕ್ಕ ತಪ್ಪಿದ್ದು ಕಂಡರೆ ಅವಳಿಗೆ ಅಳುವುದಕ್ಕೂ ಪುರುಸೊತ್ತಿರುತ್ತಿರಲಿಲ್ಲ.

"ಹೇಗೆ ತಪ್ಪು? ಫ್ಯಾಕ್ಟರೀಲಿ ನಾವು ಹೀಗೇ ಎಣಿಸೋದು. ನಾಲ್ಕು ದರ್ಜೆ ಟೀ, ಮೂರು ಚಮಚ, ಇಪ್ಪತ್ತು ಬ್ಲೆಂಡ್. ಒಂದೊಂದಕ್ಕೂ ಒಂದು ಚೀಟಿ ಬರೆದು, ಎತ್ತಿ, ಬಂದಿದ್ದನ್ನ ರುಚಿ ನೋಡ್ತೀವಿ."

"ಅಲ್ಲೇ ಇರೋದು ನೋಡಿ! ನೀವು ಚೀಟಿ ಎತ್ತೋರು. ಇಪ್ಪತ್ತಕ್ಕೂ ಒಂದೊಂದೇ ಚೀಟಿ, ಸರಿಹೋಯ್ತು. ನಾನು ಒಂದೊಂದೇ ಚಾಕೊಲೇಟ್ ತೆಗೆಯೋಳು." ಅವಳು ಅವನ ಜೇಬಿನಲ್ಲಿದ್ದ ಪೆನ್ನು ಕಿತ್ತುಕೊಂಡಳು. "ಬಾದಾಮಿ, ಗೋಡಂಬಿ, ಅಂಜೂರದ ಡಬ್ಬಿ ಆರು ಥರ ಆಗುತ್ತೆ. ಯಾವುದು ಮೊದಲು ಬಂದ್ರೂ ನಡೆಯುತ್ತೆ ತಾನೇ? ಮೂರೂ ಬಾದಾಮಿ ಆಗೋಕೆ ಒಂದೇ ದಾರಿ. ಪ್ರತಿ ಸಲ ಬಾದಾಮಿನೇ ಬರ್ಬೇಕು. ನಾಲ್ಕು ನಾಲ್ಕಲ ಹದಿನಾರು, ಹದಿನಾರು ನಾಲ್ಕಲ ಅರವತ್ನಾಲ್ಕು. ಅರವತ್ನಾಲ್ಕಕ್ಕೆ ಒಂದು! ಮೂರು ವಾರ ಅಂದ್ರೆ ಎಂಟು ಸಾವಿರ ಅಲ್ಲ ರೀ, ಎರಡು ಲಕ್ಷದ ಅರವತ್ತೆರಡು ಸಾವಿರಕ್ಕೆ ಒಂದ್ಸಲ..."

ಪೆನ್ನು ನಿಂತಿತು.

ಅಯ್ಯೋ ದೇವರೇ! ಏನು ಮಾಡಿಕೊಂಡೆ ನಾನು? ಅವನು ಎಂಟು ಸಾವಿರ ಅಂದಿದ್ದನ್ನು ನಾನೇ ಕೈಯಾರೆ ಲಕ್ಷಕ್ಕೆ ಏರಿಸಿಕೊಟ್ಟೆನಲ್ಲ!

ಯೋಗೇಶನ ತುಟಿಯಂಚಿನಲ್ಲಿ ಮೆಲ್ಲಗೆ ನಗು ಮೂಡಿತು.

"ಹಾಗಾದ್ರೆ ಇದು ತಾನಾಗಿ ಬಂದಿದ್ದಲ್ಲ?"

ಒಳಗೆ ಚಿಕ್ಕಮ್ಮ ಅಚ್ಚು ತಟ್ಟುತ್ತಿದ್ದ ಸದ್ದೂ ನಿಂತುಹೋಗಿತ್ತು. ಕೇಳಿಸಿಕೊಳ್ತಿದ್ದಾರಾ? ಕೇಳಿಸಿಕೊಳ್ಳಲಿ! ಇವತ್ತು ಸುಮ್ಮನಿದ್ದರೆ ಇವನು ಗೂಡಲೂರಿನ ಬಸ್ ಹತ್ತುತ್ತಾನೆ, ಶನಿವಾರಗಳು ಮುಗಿದೇ ಹೋಗುತ್ತವೆ.

"ಮೊದಲನೇದು ತಾನಾಗೇ ಬಂತು," ಎಂದಳು. "ಆಮೇಲಿನ ಎರಡು... ನಾನು ಮೂಲೇಲಿ ಎತ್ತಿಟ್ಟಿದ್ದು. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಮೋಸ ಅಂದ್ರೆ ಅಷ್ಟೇ ಮೋಸ."

ಅವನು ಚೀಟಿಯನ್ನು ಜೋಪಾನವಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡ.

"ಮೋಸ ಅಂತ ನಾನೆಲ್ಲಿ ಅಂದೆ? ಗೂಡಲೂರಿಂದ ಪ್ರತಿ ಶನಿವಾರ ಘಾಟ್ ಹತ್ತಿ ಬರ್ಬೇಕು ಅಂತ ನನಗೆ ಆಸೆ. ಇಲ್ಲಿ ಕಾಯೋರು ಇದ್ದಾರಾ ಅಂತ ಹೇಗೆ ಕೇಳೋದು ತಿಳೀಲಿಲ್ಲ. ಅದಕ್ಕೇ ಲೆಕ್ಕ ಹಿಡ್ಕೊಂಡು ಬಂದೆ."

ಮಾನಸಾ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

"ಇನ್ನೊಂದು ವಿಷಯ..." ಎಂದ ಯೋಗೇಶ್. "ಬೇಜಾರು ಮಾಡ್ಕೋಬೇಡಿ. ನನಗೆ ಬಾದಾಮಿ ಅಷ್ಟಾಗಿ ಸೇರಲ್ಲ. ಅಂಜೂರ ಅಂದ್ರೆ ಪ್ರಾಣ."

"ಹಾಂ! ಮತ್ತೆ ಮೊದಲನೇ ದಿನ ಅಷ್ಟು ನಕ್ಕಿದ್ದು?"

"ಬಾದಾಮಿ ನೋಡಿ ನಕ್ಕೆ ಅಂದ್ಕೊಂಡ್ರಾ?"

ಅವಳ ಕೆನ್ನೆ ಕೆಂಪಾಯಿತು.

"ಮುಂದಿನ ಶನಿವಾರ ಮೂರೂ ಅಂಜೂರ ಬರೋ ಸಂಭವ ಎಷ್ಟು, ಮೇಡಂ?"

ಅವಳು ಬಟ್ಟೆಯನ್ನು ಟ್ರೇ ಮೇಲೆ ಸರಿಯಾಗಿ ಹೊದಿಸಿ, ಮೆಲ್ಲಗೆ ಹೇಳಿದಳು.

"ನೀವು ಬಂದ್ರೆ... ಒಂದಕ್ಕೆ ಒಂದು."