ಹದಿನಾಲ್ಕು ಬಸ್ಸಿಗೆ ಒಂದೇ ಉಸಿರು

ಸ್ಟೀರಿಂಗ್ ಪಕ್ಕದ ಕೊಳವೆಗೆ ಬಾಯಿಟ್ಟು ಅಡಿವೆಪ್ಪ ಊದಿದ. ಕೆಂಪು ದೀಪ ಹತ್ತಿತು. ಬಸ್ಸು ಚಾಲೂ ಆಗಲಿಲ್ಲ.

ಇದು ಉಸಿರುಬೀಗ. ಚಾಲಕನ ಉಸಿರಿನಲ್ಲಿ ಮದ್ಯದ ಸುಳಿವು ಸಿಕ್ಕರೆ ಎಂಜಿನ್ನಿಗೆ ಬೀಗ. ಹಿಂದೆ ಇಷ್ಟರವರೆಗೆ ಕುಡಿದರೆ ಪರವಾಗಿಲ್ಲ ಎಂಬ ಮಿತಿಯಿತ್ತು. 2058ರ ಕಾಯ್ದೆ ಅದನ್ನು ಸೊನ್ನೆಗಿಳಿಸಿತು. ಎರಡು ಕೆಂಪು ಬಿದ್ದರೆ ಆ ಬಸ್ಸಿನ ಚಾಲಕನ ಲೈಸೆನ್ಸ್ ರದ್ದು. ಹಿಂದಿನ ಸಂಜೆ ಕುಡಿದದ್ದೂ ಬೆಳಿಗ್ಗೆ ಸಿಕ್ಕಿಬೀಳತೊಡಗಿದಾಗ ಗದಗಿನ ಖಾಸಗಿ ಬಸ್ ಡಿಪೋವೊಂದರ ಚಾಲಕರು ಒಂದು ಉಪಾಯ ಹೂಡಿದರು. ಕಂಡಕ್ಟರ್ ಅಡಿವೆಪ್ಪ ಜನ್ಮದಲ್ಲಿ ಹನಿ ಮುಟ್ಟಿದವನಲ್ಲ. ದಿನಾ ಬೆಳಿಗ್ಗೆ ಅವನು, ಮನೆಮನೆಗೆ ಹಾಲು ಹಾಕುವವನ ಹಾಗೆ, ಸಾಲಾಗಿ ನಿಂತ ಬಸ್ಸುಗಳಿಗೆ ಉಸಿರು ಹಾಕುತ್ತ ಹೋಗುತ್ತಿದ್ದ.

ಅವತ್ತು ಹದಿನಾಲ್ಕಕ್ಕೆ ಹದಿನಾಲ್ಕೂ ಕೆಂಪು.

"ಕಾಕಾ, ನಿನ್ನಿ ಎಲ್ಲಿ ಕುಂತಿದ್ದಿ? ನಮ್ಮನ್ನೂ ಕರೀಬೇಕಿಲ್ಲೇನು?" ಚಾಲಕ ಹೊಳೆಬಸು ಕೆಣಕಿದ.

"ಸುಮ್ನಿರೋ. ನೀರು ಬಿಟ್ಟು ಏನೂ ಕುಡದಿಲ್ಲ. ಆ ನೀರ ರಾತ್ರಿಯೆಲ್ಲ ಎದ್ದೆದ್ದು ಕುಡದೇನಿ."

ಮಧ್ಯಾಹ್ನದ ರೈಲಿಗೆ ಉಸಿರುಬೀಗದ ವಿಜ್ಞಾನಿ ಶಮೀಮಾ ಮುಲ್ಲಾ ಬಂದಳು. ಯಂತ್ರಗಳ ದಾಖಲೆಯನ್ನು ಕೈಯಲ್ಲಿನ ಗಾಜಿನ ಫಲಕದ ಮೇಲೆ ಬಿಡಿಸಿಕೊಂಡು ಕುಳಿತಳು.

"ಮಷೀನ್ ಕೆಟ್ಟಾವ್ರಿ ಬಾಯಾರ," ಎಂದ ಅಡಿವೆಪ್ಪ.

"ಹದಿನಾಲ್ಕೂ ಒಂದ ದಿನ ಕೆಡಂಗಿಲ್ಲ ಕಾಕಾ. ಬೆರಳಿನ ಗುರುತಿನಂಗ ಒಬ್ಬೊಬ್ಬರ ಉಸಿರಿಗೂ ಒಂದು ಗುರುತು ಇರ್ತೈತಿ. ಇಲ್ಲಿ ಎಲ್ಲಾದರಾಗೂ ಒಂದ ಉಸಿರು ಐತಿ. ಯಾರದಿದು?"

ಚಾಲಕರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅಡಿವೆಪ್ಪನ ನಾಲಿಗೆ ಒಣಗಿತ್ತು.

"ನಂದ್ರಿ. ಕೆಲಸ ತಗೀರಿ, ಹೋಗ್ಲಿ. ಕುಡಕ ಅಂತ ಮಾತ್ರ ಬರೀಬ್ಯಾಡ್ರಿ."

ಅವಳು ಫಲಕದಿಂದ ಕಣ್ಣೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಚೀಗೆ ಸಣ್ಣಾಗಿರೇನು?"

"ಪ್ಯಾಂಟ್ ನಿಲ್ಲವಲ್ದು. ಹೆಂಡ್ತಿ ಲಾಡಿ ಹಾಕಿಕೊಟ್ಟಾಳ."

ಶಮೀಮಾ ವಿವರಿಸಿದಳು. ಸಕ್ಕರೆ ಕಾಯಿಲೆ ಕೈಮೀರಿದಾಗ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ. ಅದರ ಹೊಗೆಯಂಥದ್ದು ಉಸಿರಿನಲ್ಲಿ ಹೊರಬರುತ್ತದೆ. ಅದರಲ್ಲಿ ಒಂದು ಪಾಲು ಮದ್ಯಕ್ಕೆ ಹತ್ತಿರದ ಸಂಬಂಧಿ. "ಮಷೀನಿಗೆ ಮನೆತನ ಗೊತ್ತಾಗ್ತೈತಿ, ಮನಷ್ಯಾ ಗೊತ್ತಾಗಂಗಿಲ್ಲ. ಒಂದ ಬಸ್ಸಿನಾಗ ಬಂದಿದ್ರ ಮಷೀನಿನ ತಪ್ಪು ಅಂತ ಅಳಿಸಿಬಿಡ್ತಿದ್ದೆ. ನೀವು ಮಾಡಿದ ಮೋಸಾನ ನಿಮಗ ಹದಿನಾಲ್ಕು ಸಾಕ್ಷಿ ತಂದುಕೊಟ್ಟೈತಿ."

"ಹಂಗಾರ ನಾ ಕುಡದಿಲ್ಲಂತ ಬರೀತೀರಿ?"

"ಬರೀತೀನಿ. ಮೊದಲ ದವಾಖಾನಿಗೆ ನಡೀರಿ. ತಡಾ ಮಾಡೋ ರೋಗ ಅಲ್ಲ ಇದು."

ಎದ್ದು ನಿಲ್ಲಲು ಹೋದ ಅಡಿವೆಪ್ಪ ಅಲ್ಲೇ ಕುಸಿದ. ಆಂಬುಲೆನ್ಸ್ ಬರಲು ಒಂದು ತಾಸು ಬೇಕೆಂದರು. ಅವನನ್ನು ಎತ್ತಿ ಬಸ್ಸಿನ ಸೀಟಿನ ಮೇಲೆ ಮಲಗಿಸಿದರು. ಆಮೇಲೆ ಎಲ್ಲರೂ ಕೊಳವೆಯನ್ನೇ ನೋಡುತ್ತ ನಿಂತರು. ಬೆಳಗಿನ ಕೆಂಪು ಇನ್ನೂ ಪ್ರತಿಯೊಬ್ಬ ಚಾಲಕನ ಹೆಸರಿನಲ್ಲೇ ಇತ್ತು. ಇನ್ನೊಂದು ಬಿದ್ದರೆ ಹೊಟ್ಟೆಪಾಡೇ ಹೋಗುತ್ತದೆ.

"ನಿನ್ನಿ ಒಂದ ಗ್ಲಾಸು. ಇಳದಿರಬೇಕು," ಎನ್ನುತ್ತ ಹೊಳೆಬಸು ಊದಿದ.

ಕೆಂಪು.

ಬಾಗಿಲ ಬಳಿ ನಿಂತಿದ್ದ ಇನ್ನೊಬ್ಬ ಚಾಲಕ ಹತ್ತಿ, ಅಂಗಿಯ ಚುಂಗಿನಿಂದ ಕೊಳವೆ ಒರೆಸಿ, ಕಣ್ಣು ಮುಚ್ಚಿ ಊದಿದ. ಹಸಿರು ಬಂತು. ಎಂಜಿನ್ ಗುರುಗುಟ್ಟಿತು.

ಹೊಳೆಬಸು ಕೆಳಗಿಳಿಯಲಿಲ್ಲ. ಹಿಂದಿನ ಸೀಟಿಗೆ ಹೋಗಿ ಅಡಿವೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೀವನದಲ್ಲಿ ಮೊದಲ ಸಲ ಕೂಗಿದ:

"ರೈಟ್, ರೈಟ್."